ಬಚ್ಚಲ ನೀರಿನ ತೋಟ

“ನಿಮ್ಮ ಮನಿ ಬಚ್ಚಲ ನೀರು ಎಲ್ಲಿಗೆ ಹೊಕ್ಕೈತ್ರಿ?”

ಬಾಗಲಕೋಟೆಗೆ ಬಂದು ಮನೆ ಹೂಡಿದ ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವರು ನನ್ನನ್ನು ಕೇಳಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಯಾವ ಊರಿನವರು ಎಂಬ ವಿಚಾರಣೆ ಇಲ್ಲ. ದವಾಖಾನೆಯ ಬಿಳಿ ಸೀರೆ, ಸೊಂಟಕ್ಕೆ ಬಿಗಿದ ಸೆರಗು, ಕೈಯಲ್ಲಿ ಸಲಿಕೆ. ನಲವತ್ತರ ಆಚೀಚಿನ ಎತ್ತರದ ಹೆಂಗಸು. ನಾನು ಕಾಲೇಜಿಗೆ ಹೊಸದಾಗಿ ಬಂದಿದ್ದ ಸಸ್ಯಶಾಸ್ತ್ರದ ಅಧ್ಯಾಪಕ. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುವ ಆತುರದಲ್ಲಿದ್ದೆ. ಗೊತ್ತಿಲ್ಲ ಎಂದೆ.

“ಉಂಡದ್ದು ಎಲ್ಲಿಂದ ಬಂತು ಗೊತ್ತಿಲ್ಲ, ಮೈ ತೊಳದ ನೀರು ಎಲ್ಲಿ ಹೊಕ್ಕೈತಿ ಅದೂ ಗೊತ್ತಿಲ್ಲ. ಏನು ಕಲಸ್ತೀರಿ ಮಾಸ್ತರ, ಕಾಲೇಜಿನ್ಯಾಗ?”

ಉತ್ತರಕ್ಕೆ ಕಾಯದೆ ಮನೆಯ ಹಿಂದಕ್ಕೆ ಹೋದರು. ನಾನು ಕಾಲೇಜಿನಿಂದ ಮರಳುವಷ್ಟರಲ್ಲಿ ನಮ್ಮ ಬಚ್ಚಲ ತೂಬಿನಿಂದ ಒಂದು ಗೇಣಗಲದ ಕಾಲುವೆ ಹೊರಟು, ಪಕ್ಕದ ಮನೆಯ ಕಾಲುವೆಯನ್ನು ಕೂಡಿಕೊಂಡು, ಎದುರಿನ ಬಯಲಿಗೆ ಇಳಿದಿತ್ತು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಈಗ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅವರ ಮೇಲೆ ಎಲ್ಲಿಲ್ಲದ ಪ್ರೀತಿ. ಎಂಥಾ ಸೇವೆ, ಎಂಥಾ ತ್ಯಾಗ ಎನ್ನುತ್ತಾರೆ. ಸಂಜೆ ಅಡ್ಡಾಡಲು ಹೋದರೆ ನನ್ನನ್ನು ನಿಲ್ಲಿಸಿ, “ನಿಮಗ ಭಾಳ ಪರಿಚಯ ಇದ್ರಲ್ಲ ಸರ್, ಏನರೆ ನಾಲ್ಕು ಮಾತು ಬರೀರಿ” ಎನ್ನುತ್ತಾರೆ. ಬರೆಯುತ್ತಿದ್ದೇನೆ. ಓದಿ ಅವರಿಗೆ ಹಿತವಾಗಲಿ ಎಂದಲ್ಲ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ನಾಳೆ ಯಾವುದಾದರೂ ಅಡ್ಡರಸ್ತೆಗೆ ಆ ಹೆಸರಿನ ಫಲಕ ನೆಟ್ಟು, ಚಹಾ ಕುಡಿದು, ಕೈ ತೊಳೆದುಕೊಳ್ಳುತ್ತಾರೆ. ಈ ಜನರನ್ನು ನಾನು ಬಲ್ಲೆ. ನಾನೂ ಅವರಲ್ಲೊಬ್ಬ.

ವಿದ್ಯಾಗಿರಿಯ ಆಚೆಗೆ ಆಗ ಹೊಸದಾಗಿ ಏಳುತ್ತಿದ್ದ ಬಡಾವಣೆ ನಮ್ಮದು. ನಾವೆಲ್ಲ ಸಂಬಳದ ಜನ. ಅರ್ಧ ಮನೆಗಳು ಎದ್ದಿದ್ದವು, ಇನ್ನರ್ಧ ಏಳುತ್ತಿದ್ದವು. ಅವನ್ನು ಕಟ್ಟುವ ಕೂಲಿಯವರು ಬಡಾವಣೆಯ ಅಂಚಿನಲ್ಲಿ ತಗಡು, ಗೋಣಿತಟ್ಟು ಹೊದಿಸಿದ ಗುಡಿಸಲುಗಳಲ್ಲಿದ್ದರು. ನಡುವೆ ಒಂದು ದೊಡ್ಡ ಬಯಲು. ನಕಾಶೆಯಲ್ಲಿ ಅದು ಉದ್ಯಾನ. ಕಣ್ಣಿಗೆ ಕಾಣುತ್ತಿದ್ದುದು ಗರಸು, ಕಲ್ಲು, ಜಾಲಿ. ಎಲ್ಲರೂ ನರ್ಸಬಾಯಿ ಎಂದೇ ಕರೆಯುತ್ತಿದ್ದ ಅವರು ಊರೊಳಗಿನ ಸಣ್ಣ ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಬಡಾವಣೆಯ ಕೊನೆಯ ಸಾಲಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡನ ವಿಷಯ ಒಮ್ಮೆ ನನ್ನ ಹೆಂಡತಿ ಕೇಳಿದ್ದಳು. “ಅದಾನವಾ, ಎಲ್ಲೋ ಅದಾನ,” ಎಂದು ಹೇಳಿ ಪುಂಡಿ ಸೊಪ್ಪಿನ ಸೂಡು ಕಟ್ಟುವುದನ್ನು ಮುಂದುವರಿಸಿದರಂತೆ.

ತೋಟ ಹುಟ್ಟಿದ ಕಥೆಯನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು. ಹೇಳುವಾಗಲೂ ಸಿಟ್ಟಿನಲ್ಲೇ ಇದ್ದರು. ಹನಮವ್ವ ಎಂಬ ಗಾರೆ ಹೊರುವ ಹೆಂಗಸು ಮೂರು ವರ್ಷದ ಮಗಳನ್ನು ದವಾಖಾನೆಗೆ ಕರೆತಂದಿದ್ದಳು. ಹಗಲೆಲ್ಲ ಆಡುವ ಹುಡುಗಿ ಹೊತ್ತು ಮುಳುಗುತ್ತಲೇ ಗೋಡೆಗೆ ಹಾಯುತ್ತದೆ, ಮುಂದಿಟ್ಟ ತಾಟನ್ನು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತದೆ. ಇರುಳುಗಣ್ಣು. ಔಷಧಿ ಬಾಟಲಿ ಖಾಲಿಯಾಗಿತ್ತು. ನರ್ಸಬಾಯಿ ತಮ್ಮ ವಾಡಿಕೆಯಂತೆ ಬೈದರು: “ತಪ್ಪಲ ಪಲ್ಯ ತಿನಸಬೇಕವಾ, ಪಪ್ಪಾಯಿ ತಿನಸಬೇಕು, ಬರೇ ರೊಟ್ಟಿ ಖಾರಾ ತಿನಿಸಿದ್ರ ಕಣ್ಣು ಹೊಕ್ಕಾವು.”

“ಹೌದ್ರೀ ಬಾಯಾರ,” ಎಂದಳಂತೆ ಹನಮವ್ವ. “ಎಲ್ಲಿಂದ ತರ್ಲಿ, ಅದನ್ನಷ್ಟ ಹೇಳ್ರಿ.”

“ಇಪ್ಪತ್ತು ವರ್ಷ ಹೇಳಿಕೋತ ಬಂದಿದ್ದೆ, ಮಾಸ್ತರ,” ಎಂದರು ನರ್ಸಬಾಯಿ. “ತಿನಸ್ರಿ, ತಿನಸ್ರಿ ಅಂತ. ಎಲ್ಲಿಂದ ಅಂತ ಒಬ್ಬಾಕಿನೂ ಕೇಳಿದ್ದಿಲ್ಲ. ಅವತ್ತು ನನಗ ನನ್ನ ಮೈಮ್ಯಾಗಿನ ಬಿಳಿ ಸೀರಿ ನೋಡಿ ಹೇಸಿಕಿ ಬಂತು.”

ಮರುದಿನ ಸಂಜೆ ದವಾಖಾನೆಯಿಂದ ನೇರವಾಗಿ ಬಯಲಿಗೆ ಬಂದು ಕಲ್ಲು ಆರಿಸತೊಡಗಿದರು. ಗರಸಿನಲ್ಲಿ ಏನೂ ಬರಲಿಲ್ಲ. ಅವರ ತವರು ಪಟ್ಟದಕಲ್ಲಿನ ಹತ್ತಿರದ ಹಳ್ಳಿ. ರವಿವಾರಕ್ಕೊಮ್ಮೆ ಹೋಗಿ, ಮಲಪ್ರಭೆಯ ದಂಡೆಯ ಮೆಕ್ಕಲು ಮಣ್ಣನ್ನು ಎರಡೆರಡು ಚೀಲ ತುಂಬಿ, ಬಾದಾಮಿಯಲ್ಲಿ ಬಸ್ಸು ಬದಲಿಸಿ, ಟಾಪಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದರು. ಒಂದು ಸಲ ನಾನೂ ಬಾದಾಮಿಯಿಂದ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಚೀಲಕ್ಕೆ ಕೈ ಹಾಕಿ, “ಏನೈತ್ರಿ ಇದರಾಗ?” ಎಂದ.

“ಮಣ್ಣು.”

“ಮಣ್ಣು ಯಾರರೆ ಬಸ್ಸಿನ್ಯಾಗ ಒಯ್ತಾರೇನ್ರಿ? ಬಾಗಲಕೋಟಿಯೊಳಗ ಮಣ್ಣಿಲ್ಲೇನು?”

“ಐತಿ. ಎಲ್ಲಾ ಅಲ್ಲಿ ಮಂದಿ ತಲಿಯೊಳಗ ತುಂಬೈತಿ.”

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ಅವರು ನಗೆಮಾತು ಆಡುತ್ತಿರಲೇ ಇಲ್ಲ. ಬೈಯುತ್ತಿದ್ದರು, ಅದು ಕೇಳುವವರಿಗೆ ನಗೆಯಾಗುತ್ತಿತ್ತು.

ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬಯಲಿನ ಒಂದು ಮೂಲೆ ಹಸಿರಾಯಿತು. ಎರಡನೆಯ ವರ್ಷಕ್ಕೆ ಅರ್ಧ ಬಯಲು. ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಕಿ ಸೊಪ್ಪು. ಬೇಲಿಯುದ್ದಕ್ಕೂ ನುಗ್ಗಿ ಮತ್ತು ಪಪ್ಪಾಯಿ. ಜಾಲಿಯ ಮೇಲೆ ಹಬ್ಬಿಸಿದ ಹೀರೆ. ಎಂಟು ಮನೆಗಳ ಬಚ್ಚಲ ನೀರು ಸಣ್ಣ ಸಣ್ಣ ಕಾಲುವೆಗಳಲ್ಲಿ ಬಂದು ಒಂದೊಂದು ಮಡಿಯಲ್ಲೂ ಅರ್ಧ ತಾಸಿನಲ್ಲಿ ಇಂಗಿ ಹೋಗುತ್ತಿತ್ತು. ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಬಟ್ಟೆ ಒಗೆದ ಸೋಡಾ ನೀರು ಬಿಟ್ಟವರ ಮನೆಗೆ ಹೋಗಿ ಜಗಳ ಮಾಡಿ ಬರುತ್ತಿದ್ದರು. ಗುಡಿಸಲಿನ ಒಂದೊಂದು ಕುಟುಂಬಕ್ಕೂ ಒಂದೊಂದು ಸಾಲು. ಸಾಲು ನೋಡಿಕೊಂಡವರಿಗೆ ಅದರ ಪಲ್ಯ. ನೋಡಿಕೊಳ್ಳದವರಿಗೆ ಬೈಗುಳ.

ಹನಮವ್ವನ ಮಗಳು ಮಾದೇವಿ ಆರು ತಿಂಗಳಿಗೆ ಸಂಜೆಯ ಹೊತ್ತಿನಲ್ಲೂ ಕೂಲಿಕಾರರ ಮಕ್ಕಳ ಜತೆ ಓಡಾಡಿ ಆಡುವುದನ್ನು ನಾನು ನಮ್ಮ ಕಟ್ಟೆಯ ಮೇಲೆ ಕುಳಿತು ನೋಡಿದ್ದೇನೆ. ನೋಡಿದ್ದೇನೆ ಎಂಬುದನ್ನು ಒತ್ತಿ ಹೇಳುತ್ತೇನೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ಸವಲತ್ತು ನನಗಿಲ್ಲ.

ನನಗೂ ಅವರಿಗೂ ಆಗ ಒಂದು ಬಗೆಯ ಸ್ನೇಹವಿತ್ತು. ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಒಂದೊಂದು ಗಿಡದ ಮುಂದೆ ನಿಂತು ಲ್ಯಾಟಿನ್ ಹೆಸರು, ಕುಟುಂಬ, ಎಲೆಯ ಜೋಡಣೆ ಹೇಳುತ್ತಾ ಬಂದೆ. ಒಂದು ಎಳೆಯ ಸಸಿಯ ಮುಂದೆ ನಿಂತು ರಾಜಗಿರಿ ಎಂದು ಹೇಳಿ ಅದರ ವಂಶವನ್ನೆಲ್ಲ ವಿವರಿಸಿದೆ. ಮಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ನರ್ಸಬಾಯಿ ತಲೆ ಎತ್ತಿದರು.

“ಅದು ಕಳೆ, ಮಾಸ್ತರ. ಈಗ ಕಿತ್ತಿ ಒಗ್ಯಾಕಿ ಇದ್ದೆ.”

ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕಂತೆ ಮಾಡಿದೆ. “ಹೆಸರು ನೀವು ಇಟ್ಟುಕೊಳ್ರಿ,” ಎಂದರು ಅವರು, ಇನ್ನೂ ಬಿಡದೆ. “ಬೀಜ ಇದ್ರ ಕೊಡ್ರಿ ನನಗ.” ಅಂದಿನಿಂದ ನಾನು ತೋಟದ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ಅಷ್ಟು ಸಣ್ಣ ಮಾತು. ಅದನ್ನು ನಾನು ಎದೆಯಲ್ಲಿ ಮೂರು ವರ್ಷ ಇಟ್ಟುಕೊಂಡಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ದೊಡ್ಡ ಅನ್ಯಾಯಗಳಿಗೆಲ್ಲ ದೊಡ್ಡ ಕಾರಣಗಳಿರುತ್ತವೆ ಎಂದು ನಾವು ನಂಬಿಕೊಂಡಿದ್ದೇವೆ.

ಬಡಾವಣೆಯ ಸಮಿತಿಗೆ ಒಬ್ಬ ಅಧ್ಯಕ್ಷರಿದ್ದರು. ನಿವೃತ್ತ ಅಧಿಕಾರಿ. ಅವರ ಅಂಗಳದಲ್ಲಿ ಗುಲಾಬಿಗಳು. ನಳದಲ್ಲಿ ನೀರು ಬರುವ ಹೊತ್ತಿನಲ್ಲಿ ಕುಡಿಯುವ ನೀರಿಗೇ ಪೈಪು ಹಚ್ಚಿ ಅವಕ್ಕೆ ಬಿಡುತ್ತಿದ್ದರು. ನರ್ಸಬಾಯಿ ದವಾಖಾನೆಗೆ ಹೋಗುವ ದಾರಿಯಲ್ಲಿ ಅವರ ಕಂಪೌಂಡಿನ ಹೊರಗೆ ನಿಂತು, “ಸಾಹೇಬ್ರ, ಇದನ್ನ ಕುದಿಸಿದ್ರ ಪಲ್ಯ ಆಗತೈತೇನ್ರಿ?” ಎಂದು ಕೇಳಿದ್ದರು. ಒಮ್ಮೆಯಲ್ಲ, ಗುಲಾಬಿ ಬಿಟ್ಟಾಗಲೆಲ್ಲ. ಅವರ ನಾಲಿಗೆಗೆ ಹಿಡಿತವಿರಲಿಲ್ಲ. ತಮ್ಮ ಪರವಾಗಿ ನಿಲ್ಲಬಹುದಾಗಿದ್ದ ನಾಲ್ಕು ಜನರನ್ನು ಅವರು ಹೀಗೆ ತಾವೇ ದೂರ ಮಾಡಿಕೊಂಡರು. ಇದನ್ನು ನಾನು ಅವರಿಗೆ ಹೇಳಿಯೂ ಇದ್ದೆ. “ಸವಿ ಮಾತಾಡಿ ಕಾಲುವಿ ತೋಡಾಕ ಬರೂದಿಲ್ಲ ನನಗ,” ಎಂದಿದ್ದರು.

ಆಮೇಲೆ ಮಳೆ ಕೈಕೊಟ್ಟ ವರ್ಷ ಬಂತು. ಸಂತೆಯಲ್ಲಿ ಕಾಯಿಪಲ್ಯ ಕಾಣದಾಯಿತು. ಬಂದರೂ ಒಣಗಿದ ಬದನೆ, ನಾರು ನಾರಾದ ಚವಳಿಕಾಯಿ. ಬಡಾವಣೆಯಲ್ಲಿ ಹಸಿರು ಇದ್ದದ್ದು ಆ ಬಯಲೊಂದರಲ್ಲೇ. ಬಚ್ಚಲ ನೀರೂ ಕಡಿಮೆಯಾದಾಗ ನರ್ಸಬಾಯಿ ಮನೆಮನೆಗೆ ಹೋಗಿ, ದೊಡ್ಡ ಬೋಗುಣಿಯಲ್ಲಿ ಕುಳಿತು ಸ್ನಾನ ಮಾಡಿ ನೀರು ಹಿಡಿದಿಡಿ ಎಂದು ಹೇಳಿ ಬಂದರು. ಆಗ ಸಂಬಳದ ಮನೆಗಳ ಹೆಂಗಸರೂ ಬುಟ್ಟಿ ಹಿಡಿದು ತೋಟಕ್ಕೆ ಬಂದರು. ನರ್ಸಬಾಯಿ ಯಾರಿಗೂ ಇಲ್ಲವೆನ್ನಲಿಲ್ಲ. ಒಂದೇ ನಿಯಮ: ಬರುವವರು ಒಂದು ಕೊಡ ನೀರು ತಾವೇ ಹೊತ್ತು ತರಬೇಕು, ಗುಡಿಸಲಿನವರ ಜತೆ ಪಾಳಿಯಲ್ಲಿ ನಿಲ್ಲಬೇಕು.

ನನ್ನ ಹೆಂಡತಿ ನಿಂತಳು. ಅಧ್ಯಕ್ಷರ ಹೆಂಡತಿ ಕೆಲಸದವಳ ಕೈಯಲ್ಲಿ ಬುಟ್ಟಿ ಕೊಟ್ಟು ಕಳಿಸಿದರು. ನರ್ಸಬಾಯಿ ಎಲ್ಲರ ಮುಂದೆ, “ನಿನಗ ಬೇಕಾದ್ರ ಒಯ್ಯಿ ತಂಗಿ, ಎರಡು ಸೂಡು ಒಯ್ಯಿ. ನಿಮ್ಮ ಬಾಯಾರಿಗೆ ಬೇಕಾದ್ರ ಅವರಿಗೂ ಕಾಲು ಅದಾವಲ್ಲ?” ಎಂದರು.

ಆ ಬರಗಾಲದಲ್ಲಿ ನಾವೆಲ್ಲ ಆ ಪಲ್ಯ ತಿಂದೆವು. ವರ್ಷವಿಡೀ ತಿಂದೆವು. ಮಳೆ ಬಂತು, ಸಂತೆ ತುಂಬಿತು, ಬುಟ್ಟಿಗಳು ಬರುವುದು ನಿಂತಿತು. ಪಾಳಿಯಲ್ಲಿ ನಿಂತ ಅವಮಾನ ಮಾತ್ರ ಮನೆಮನೆಗಳಲ್ಲಿ ಉಳಿಯಿತು.

ಅಷ್ಟರಲ್ಲಿ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತದೆ ಎಂಬ ಮಾತು ದಿನದಿನಕ್ಕೂ ಗಟ್ಟಿಯಾಗುತ್ತಿತ್ತು. ಇವತ್ತೋ ನಾಳೆಯೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಎತ್ತರದ ಜಾಗ ಎಲ್ಲರಿಗೂ ಬೇಕಾಯಿತು. ನಮ್ಮ ಬಡಾವಣೆ ಎತ್ತರದಲ್ಲಿತ್ತು. ಯಾರಿಗೂ ಬೇಡವಾಗಿದ್ದ ಆ ಬಯಲು ಒಮ್ಮೆಲೇ ಎಲ್ಲರ ಕಣ್ಣಿಗೂ ಬಿತ್ತು.

ಒಂದು ಸಂಜೆ ಅಧ್ಯಕ್ಷರು ಸಮಿತಿಯವರನ್ನು ತಮ್ಮ ಪಡಸಾಲೆಗೆ ಕರೆದರು. ಚುರುಮುರಿ, ಚಹಾ. ಉದ್ಯಾನದ ಜಾಗ ಅತಿಕ್ರಮಣವಾಗಿದೆ, ತೆರವು ಮಾಡಿಸಿ ಮಕ್ಕಳಿಗೆ ಒಳ್ಳೆಯ ಉದ್ಯಾನ ಮಾಡೋಣ ಎಂದರು. ಯಾರೂ ತಕರಾರು ಮಾಡಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿದರು.

“ಬರೇ ಜಾಗಾ ಬಿಡಸ್ರಿ ಅಂದ್ರ ಯಾರೂ ಕೇಳೂದಿಲ್ಲ. ಆರೋಗ್ಯದ ಪ್ರಶ್ನೆ ಅಂದ್ರ ಕೇಳ್ತಾರ. ನೀವು ಸಸ್ಯಶಾಸ್ತ್ರದವರು. ನಿಮ್ಮಂಥ ತಿಳದವರು ಇಂಗ್ಲಿಷಿನಾಗ ಎರಡು ಹಾಳಿ ಬರದ್ರ ಅದರ ತೂಕನ ಬ್ಯಾರೆ ಅದ.”

ಬರೆದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನನ್ನ ನೌಕರಿಗೆ ಅವರಿಂದ ಯಾವ ಅಪಾಯವೂ ಇರಲಿಲ್ಲ. ‘ತಿಳಿದವರು’ ಎಂಬ ಒಂದು ಮಾತಿಗಾಗಿ ಬರೆದೆ. ಮೂರು ವರ್ಷದ ಹಿಂದೆ ನಕ್ಕ ಹುಡುಗರ ಬಾಯಿ ಮುಚ್ಚಿಸುವುದಕ್ಕಾಗಿ ಬರೆದೆ. ಬಚ್ಚಲ ನೀರಿನಲ್ಲಿ ಬೆಳೆದ ಸೊಪ್ಪು ರೋಗಕ್ಕೆ ಮೂಲ, ನಿಂತ ನೀರಿನಿಂದ ಸೊಳ್ಳೆ, ಹಬ್ಬಿದ ಬಳ್ಳಿಗಳಲ್ಲಿ ಹಾವು ಚೇಳು ಎಂದೆಲ್ಲ ಬರೆದೆ. ಅಲ್ಲಿ ನೀರು ನಿಲ್ಲುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಭಾಷೆ ಚೆನ್ನಾಗಿ ಬಂದಿತ್ತು. ಮರುದಿನ ಕಾಲೇಜಿನಲ್ಲಿ ಟೈಪು ಮಾಡಿಸಿ, ತಪ್ಪು ತಿದ್ದಿ, ಸಹಿ ಮಾಡಿ ಕೊಟ್ಟೆ.

ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಮುಂದೆ ಕಬ್ಬಿಣದ ಹಲಗೆ ಕಟ್ಟಿದ ಟ್ರ್ಯಾಕ್ಟರ್ ಬಂತು. ಹೊತ್ತು ನೋಡಿಯೇ ಕಳಿಸಿದ್ದರು: ಗುಡಿಸಲಿನವರು ಕೆಲಸಕ್ಕೆ ಹೋಗಿರುವ ಹೊತ್ತು. ಹತ್ತಿರದ ಮನೆಯೊಂದರ ಗಾರೆಯ ಕೆಲಸದಲ್ಲಿದ್ದ ಹನಮವ್ವ ಬುಟ್ಟಿ ಬಿಸಾಕಿ ದವಾಖಾನೆಗೆ ಓಡಿದಳು. ನರ್ಸಬಾಯಿ ಬರುವಷ್ಟರಲ್ಲಿ ಅರ್ಧ ತೋಟ ಮಣ್ಣಾಗಿತ್ತು. ನಾನು ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಯಾಕೆ ರಜೆ ಹಾಕಿದೆನೋ, ನೋಡಬೇಕೆಂದೋ ಏನೋ.

ಅವರು ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತರು. ಓಡಿ ಬಂದು ಏದುಸಿರು ಬಿಡುತ್ತಿದ್ದರು. ಚಾಲಕ ಎಂಜಿನ್ ನಿಲ್ಲಿಸಿದ.

“ನಾ ಏನು ಮಾಡ್ಲಿರಿ ಬಾಯಾರ? ಹೇಳಿದ್ದು ಮಾಡಾಂವ ನಾ.”

“ನಿನಗ ಏನೂ ಅನ್ನೂದಿಲ್ಲಪಾ. ಹೇಳಿದವರನ್ನ ಕರಿ.”

ಅಧ್ಯಕ್ಷರು ಕಡತ ಹಿಡಿದು ಬಂದರು. ಸುತ್ತ ಜನ ಸೇರಿದರು, ಸುದ್ದಿ ಕೇಳಿ ಕೆಲಸ ಬಿಟ್ಟು ಬಂದ ಗುಡಿಸಲಿನ ಹೆಂಗಸರೂ. ಎಲ್ಲ ಕಾಯದೆ ಪ್ರಕಾರವೇ ಆಗಿದೆ, ತಜ್ಞರ ವರದಿ ಇದೆ ಎಂದು ಟೈಪು ಮಾಡಿದ ಎರಡು ಹಾಳೆ ತೋರಿಸಿದರು. ನರ್ಸಬಾಯಿ ಹಾಳೆಗಳನ್ನು ತಿರುವಿ ನೋಡಿದರು. ಅವರಿಗೆ ಇಂಗ್ಲಿಷ್ ಔಷಧಿ ಬಾಟಲಿಯ ಮೇಲಿನ ಹೆಸರು ಓದುವಷ್ಟೇ ಬರುತ್ತಿತ್ತು. ಗುಂಪಿನಲ್ಲಿ ನನ್ನನ್ನು ಕಂಡರು. ಮುಖ ಸ್ವಲ್ಪ ಹಗುರಾಯಿತು. ಅದನ್ನು ನಾನು ಮರೆಯಲಾರೆ.

“ಮಾಸ್ತರ, ಚೊಲೋ ಆತು ನೀವು ಅದೀರಿ. ಇದರಾಗ ಏನು ಬರದಾರ, ಕನ್ನಡದಾಗ ಹೇಳ್ರಿ.”

ಓದಿದೆ. ನಾನೇ ಬರೆದ ಒಂದೊಂದು ವಾಕ್ಯವನ್ನೂ ಕನ್ನಡ ಮಾಡಿ, ಗುಡಿಸಲಿನ ಹೆಂಗಸರ ಮುಂದೆ, ಗಟ್ಟಿಯಾಗಿ. ಇಂಗ್ಲಿಷಿನಲ್ಲಿ ಅಷ್ಟು ಘನವಾಗಿ ನಿಂತಿದ್ದ ಮಾತುಗಳು ಕನ್ನಡದಲ್ಲಿ ಬರೀ ಸುಳ್ಳಾಗಿ ನಿಂತವು. ಮುಗಿದ ಮೇಲೆ ಅವರು ಕೇಳಿದರು:

“ಬರದವರು ಯಾರು?”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ನಾನು, “ನಾನಽ,” ಎಂದೆ.

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ಮ ಮನಿಯೊಳಗ ವರ್ಷಗಟ್ಲೆ ತಿಂದೀರಿ ಈ ಪಲ್ಯ. ಯಾರಿಗೆ ಏನು ಬ್ಯಾನಿ ಬಂತು?”

ನಾನು ಕೈಯಲ್ಲಿದ್ದ ಹಾಳೆಗಳನ್ನು ಮಡಚಿದೆ.

“ಹೇಳ್ರಿ, ಯಾರಿಗೆ ಬಂತು? ನಿಮ್ಮ ಹೆಣ್ತಿಗೆ ಬಂತೋ? ನಿಮಗ ಬಂತೋ?”

“ಯಾರಿಗೂ ಇಲ್ಲ,” ಎಂದೆ. ಬಹುಶಃ ಯಾರಿಗೂ ಕೇಳಿಸಲಿಲ್ಲ.

ಅವರು ನನ್ನಿಂದ ಹಾಳೆಗಳನ್ನು ಇಸಿದುಕೊಂಡು ಅಧ್ಯಕ್ಷರ ಕೈಗೆ ಕೊಟ್ಟು ಹೆಂಗಸರ ಕಡೆ ತಿರುಗಿದರು. “ಏನು ನೋಡ್ಕೋತ ನಿಂತೀರಿ? ಬಿಸಲಿಗೆ ಬಾಡೂದರಾಗ ತಪ್ಪಲಾ ಆರಿಸ್ಕೊಳ್ರಿ. ಇವತ್ತು ನಾಳೆ ಅರೆ ತಿನ್ನಾಕ ಆಗತೈತಿ.” ತಾವೇ ಮೊದಲು ಸೆರಗು ಕಟ್ಟಿ ಬಗ್ಗಿದರು. ಟ್ರ್ಯಾಕ್ಟರ್ ಹಾಗೇ ನಿಂತಿತ್ತು. ಚಾಲಕ ಕೆಳಗಿಳಿದು ನುಗ್ಗಿಗಿಡದ ಸೊಪ್ಪು ಹರಿದು ಕೊಡತೊಡಗಿದ. ಆ ಮನುಷ್ಯನಿಗೆ ನಮ್ಮೆಲ್ಲರಿಗಿಂತ ಹೆಚ್ಚು ನಾಚಿಕೆಯಿತ್ತು. ಎಲ್ಲ ಆರಿಸಿಕೊಂಡು ಅವರು ಹೋದ ಮೇಲೆ ಉಳಿದದ್ದನ್ನು ಅವನು ಸಪಾಟು ಮಾಡಿದ.

ಎರಡು ತಿಂಗಳಿಗೆ ನರ್ಸಬಾಯಿಗೆ ಇಳಕಲ್ಲಿನ ಕಡೆ ವರ್ಗವಾಯಿತು. ಯಾರು ಮಾಡಿಸಿದರು ಎಂದು ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಬೀದಿಯಿಂದ ಅವರನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಒಬ್ಬರೂ ಹೋಗಲಿಲ್ಲ. ಗುಡಿಸಲಿನವರು ಹೋದರು.

ಉದ್ಯಾನ ಆಗಲಿಲ್ಲ. ಒಂದು ವರ್ಷ ಬಯಲು ಬರಿದಾಗಿತ್ತು. ಆಮೇಲೆ ನಕಾಶೆ ಬದಲಾಯಿತು. ಉದ್ಯಾನವೆಂದಿದ್ದದ್ದು ನಾಲ್ಕು ನಿವೇಶನಗಳಾದವು. ಅಧ್ಯಕ್ಷರ ಅಳಿಯನ ಮನೆ ಅಲ್ಲೇ ಎದ್ದಿತು. ವಾಸ್ತುಶಾಂತಿಗೆ ನನ್ನನ್ನೂ ಕರೆದಿದ್ದರು. ಹೋಗಿ ಉಂಡು ಬಂದೆ. ಊಟಕ್ಕೆ ಪುಂಡಿ ಪಲ್ಯವಿತ್ತು. ರುಚಿಯಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ, ಎಲ್ಲರಂತೆ ಮರೆಯುತ್ತಿದ್ದೆ. ತೋಟ ಹೋದ ಒಂದೂವರೆ ವರ್ಷಕ್ಕೆ, ಬೇಸಿಗೆಯಲ್ಲಿ, ಗುಡಿಸಲುಗಳಲ್ಲಿ ದಡಾರ ಎದ್ದಿತು. ಮಾದೇವಿಗೆ ಆಗ ಎಂಟು ವರ್ಷ. ಜ್ವರ ಬಿಟ್ಟ ಮೇಲೆ ಕಣ್ಣು ಕೆಂಪಾಯಿತು, ತೆರೆಯಲಾಗದೆ ಹುಡುಗಿ ಮುಖ ಮುಚ್ಚಿಕೊಂಡು ಕೂರುತ್ತಿತ್ತು. ದವಾಖಾನೆಗೆ ಹೊಸ ನರ್ಸ್ ಇನ್ನೂ ಬಂದಿರಲಿಲ್ಲ. ಹನಮವ್ವ ನಾಲ್ಕು ದಿನ ಕಣ್ಣಿಗೆ ಎಲೆ ಕಟ್ಟಿದಳು, ಕೂಲಿಗೂ ಹೋದಳು. ಐದನೆಯ ದಿನ ಯಾರೋ ಇಳಕಲ್ಲಿಗೆ ಸುದ್ದಿ ಮುಟ್ಟಿಸಿದರು. ನರ್ಸಬಾಯಿ ಮೊದಲ ಬಸ್ಸಿಗೆ ಬಂದು ಹುಡುಗಿಯನ್ನು ಎತ್ತಿಕೊಂಡು ದೊಡ್ಡ ಡಾಕ್ಟರರ ಹತ್ತಿರ ಓಡಿದರು. ಒಂದು ಕಣ್ಣು ಉಳಿಯಿತು. ಒಂದು ಹೋಯಿತು.

ತಾಯಿಯ ನಿಷ್ಕಾಳಜಿ ಎಂದರು ಡಾಕ್ಟರರು. ತಾಯಿಯ ನಿಷ್ಕಾಳಜಿ ಎಂದರು ನಮ್ಮ ಬೀದಿಯ ಹೆಂಗಸರು, ಗಂಡಸರು, ಅಧ್ಯಕ್ಷರು. ಪೋಷಣೆ ಚೆನ್ನಾಗಿದ್ದ ಮಕ್ಕಳಿಗೆ ದಡಾರ ಬಂದರೂ ಹೀಗೆ ಕಣ್ಣು ಹೋಗುವುದು ಅಪರೂಪ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಒಂದೂವರೆ ವರ್ಷದಿಂದ ಆ ಹುಡುಗಿ ಹಸಿರು ಸೊಪ್ಪು ಕಂಡಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ನನ್ನ ಎರಡು ಹಾಳೆಯಿಂದಲೇ ಹೀಗಾಯಿತು ಎಂದು ಯಾರೂ ಸಾಬೀತು ಮಾಡಲಾರರು. ಆಗಲಿಲ್ಲವೆಂದು ನಾನು ಸಾಬೀತು ಮಾಡಲಾರೆ. ನಾನು ಬಾಯಿ ತೆರೆಯಲಿಲ್ಲ. ನರ್ಸಬಾಯಿ ತಾಯಿ ಮಗಳಿಬ್ಬರನ್ನೂ ಇಳಕಲ್ಲಿಗೆ ಕರೆದುಕೊಂಡು ಹೋದರು.

ಏಳೆಂಟು ವರ್ಷಗಳ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ನಾನು ಇಳಕಲ್ಲಿಗೆ ಹೋದೆ. ಕೆಲಸ ಮುಗಿದ ಮೇಲೆ, ಎಷ್ಟೋ ಬಾರಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿ, ಮತ್ತೆ ಹಿಂದೆ ಬಂದು, ಕೊನೆಗೆ ಅವರ ಮನೆ ವಿಚಾರಿಸಿದೆ. ನೇಕಾರರ ಓಣಿ, ಮನೆಮನೆಯಿಂದ ಮಗ್ಗದ ಸದ್ದು. ಓಣಿಯ ಹಿಂದಿನ ಖಾಲಿ ಜಾಗದಲ್ಲಿ ಮಡಿಗಳಿದ್ದವು, ನುಗ್ಗಿಯಿತ್ತು. ನರ್ಸಬಾಯಿ ಅಲ್ಲೇ ಒಬ್ಬ ನೇಕಾರನ ಜತೆ ಜಗಳವಾಡುತ್ತಿದ್ದರು, ನೂಲಿಗೆ ಬಣ್ಣ ಹಾಕಿದ ನೀರನ್ನು ಅವನು ಕಾಲುವೆಗೆ ಬಿಟ್ಟಿದ್ದನಂತೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತಿಸಿದರು.

“ಬರ್ರಿ ಮಾಸ್ತರ. ಚಹಾ ಕುಡೀತೀರಿ?”

ಕಟ್ಟೆಯ ಮೇಲೆ ಕೂತು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದೆ. ತಪ್ಪಾಯಿತು, ಆವತ್ತು ನನ್ನ ಬುದ್ಧಿ... ಅವರು ಕೈ ಅಡ್ಡ ಹಿಡಿದರು.

“ಮಾಪಿ ಕೇಳಾಕ ಬಂದೀರಿ?”

“ಹೌದು.”

“ನನಗೇನು ಮಾಡೀರಿ ನೀವು? ನನ್ನ ನೌಕರಿ ನನಗೈತಿ, ಪಲ್ಯ ಇಲ್ಲೂ ಬೆಳದೀನಿ. ಒಳಗ ಮಾದೇವಿ ರೊಟ್ಟಿ ಬಡ್ಯಾಕತ್ತಾಳ. ಅಕಿ ಮುಂದ ಹೋಗಿ ಹೇಳ್ರಿ.”

“ಅಕಿಗೆ ಗೊತ್ತಿಲ್ಲೇನ್ರಿ?”

“ನಾ ಹೇಳಿಲ್ಲ. ನಾ ಹೇಳೂದಿಲ್ಲ. ಬರದವ್ರು ನೀವು, ಹೇಳವ್ರೂ ನೀವ.”

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹದಿನೈದು ವರ್ಷದ ಹುಡುಗಿ ಚಹಾ ತಂದಳು. ಬಲಗಣ್ಣಿನ ಮೇಲೆ ಬಿಳಿ ಪೊರೆ. ಕಪ್ಪು ನನ್ನ ಕೈಗೆ ಕೊಟ್ಟು, “ಬಾಗಲಕೋಟಿಯವರೇನ್ರಿ? ನಾವೂ ಅಲ್ಲೇ ಇದ್ವಿ,” ಎಂದು ನಕ್ಕಳು. ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದೆ. ನರ್ಸಬಾಯಿ ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹುನಗುಂದ ದಾಟುವವರೆಗೂ ನಾನು ಅವರನ್ನು ಮನಸ್ಸಿನಲ್ಲೇ ಬೈದೆ. ಇಂಥ ಹಟ ಯಾಕೆ, ಮಾಪಿ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು. ಆ ಮೇಲೆ ಮತ್ತೆ ನಾಲ್ಕು ವರ್ಷ ನಾನು ಇಳಕಲ್ಲಿಗೆ ಹೋಗಲಿಲ್ಲ.

ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಮಧ್ಯಾಹ್ನ ದವಾಖಾನೆಯಲ್ಲಿ ಮಗುವೊಂದಕ್ಕೆ ಸೂಜಿ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ಸುದ್ದಿ ಬಂದ ಮೂರನೆಯ ದಿನ ಹೋದೆ. ಮಾದೇವಿ ಈಗ ಬಾಲವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಮನೆಯಲ್ಲಿ ಒಬ್ಬಳೇ ಇದ್ದಳು. ಹನಮವ್ವ ಹಿಂದಿನ ವರ್ಷವೇ ತೀರಿಕೊಂಡಿದ್ದಳೆಂದು ಆಗ ಗೊತ್ತಾಯಿತು.

ಎಲ್ಲ ಹೇಳಿದೆ. ತೋಟ, ಪಾಳಿ, ಪಡಸಾಲೆಯ ಚಹಾ, ನಾನು ಬರೆದ ಎರಡು ಹಾಳೆ, ಟ್ರ್ಯಾಕ್ಟರ್. ಈ ಸಲ ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಒಳ್ಳೆಯ ಕಣ್ಣನ್ನು ನನ್ನ ಕಡೆ ಮಾಡಿಕೊಂಡು ಕೇಳಿದಳು. ಬೈಯಲಿ, ಹೊಡೆಯಲಿ, ಮನೆಯಿಂದ ಆಚೆ ಹಾಕಲಿ ಎಂದು ಕೂತಿದ್ದೆ.

“ನಮ್ಮವ್ವ ನಿಷ್ಕಾಳಜಿ ಮಾಡಿದ್ಲು ಅಂತ ಎಲ್ಲಾರೂ ಹೇಳ್ತಿದ್ರು,” ಎಂದಳು. “ನಾನೂ ಹಂಗ ತಿಳಕೊಂಡಿದ್ದೆ. ದಿನಾ ಬೈತಿದ್ದೆ ಅಕಿನ್ನ. ನನ್ನ ಕಣ್ಣು ತಿಂದಾಕಿ ನೀ ಅಂತ. ಅಕಿ ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ.”

ಸೆರಗಿನಿಂದ ಮುಖ ಒರೆಸಿಕೊಂಡಳು.

“ಸಾಯೂಮುಂದ ಕೈ ಚಾಚಿದ್ಲುರಿ ನಮ್ಮವ್ವ. ನಾ ಹಿಡೀಲಿಲ್ಲ.”